ಕಾಶಿಯಾತ್ರೆಯ ಛತ್ರಿ

ನನ್ನ ಮಗಳು ತರಗತಿಗೇ ಮೊದಲು. ಹೊಸ ಪದ್ಯವನ್ನು ಎರಡು ಸಲ ಓದಿದರೆ ಸಾಕು, ತಪ್ಪಿಲ್ಲದೆ ಒಪ್ಪಿಸಿಬಿಡುತ್ತಾಳೆ. ಅವಳಿಗಿಂತ ಚಿಕ್ಕವಳಾದ ನನ್ನ ತಂಗಿಯ ಮಗಳಿಗೆ ಮಗ್ಗಿ ಎಂದರೆ ಹೊಟ್ಟೆನೋವು ಬರುತ್ತದೆ. ಆದರೆ ಅವಳ ಅಪ್ಪನ ಕಡೆಯ ಬಳಗ ದೊಡ್ಡದು. ಮದುವೆಯ ಮೇಲೆ ಮದುವೆ ನೋಡಿ ಬಂದು, ಮನೆಯಲ್ಲಿ ಗೊಂಬೆಗಳಿಗೂ ಮದುವೆ ಮಾಡಿಸುತ್ತಾಳೆ.

ಕಳೆದ ವರ್ಷ ಬಸವನಗುಡಿಯಲ್ಲಿ ನನ್ನ ಸೋದರಮಾವನ ಮಗಳ ಮದುವೆ. ನನ್ನ ಮಗಳು ನೋಡಿದ ಮೊದಲ ಮದುವೆ ಅದೇ. ಅಮ್ಮನಿಗೆ ಮಂಡಿನೋವು. ಬಂದು ಎಲ್ಲವನ್ನೂ ಹೇಳಬೇಕು ಎಂದು ಮೊಮ್ಮಕ್ಕಳಿಗೆ ತಾಕೀತು ಮಾಡಿ ಚಾಮರಾಜಪೇಟೆಯ ಮನೆಯಲ್ಲೇ ಉಳಿದಳು.

ಸಂಜೆ ಮೊದಲು ಬಾಯಿಬಿಟ್ಟವಳು ನನ್ನ ಮಗಳು. ಹೋಳಿಗೆ ಚೆನ್ನಾಗಿತ್ತು, ಹೊಗೆಗೆ ಕಣ್ಣು ಉರಿಯಿತು, ಇಬ್ಬರು ಒಂದು ಬಟ್ಟೆ ಹಿಡಿದು ನಿಂತಿದ್ದರು, ಎಲ್ಲರೂ ಅಕ್ಕಿ ಎಸೆದರು. ಹೊಗೆ ಮೊದಲೋ ಬಟ್ಟೆ ಮೊದಲೋ ಎಂದರೆ ಗೊತ್ತಿಲ್ಲ. ಅಷ್ಟು ಚುರುಕಾದ ಹುಡುಗಿ ಹೀಗೆ ತಡವರಿಸಿದ್ದು ಕಂಡು ನಾನೇ ಪೆಚ್ಚಾದೆ.

ಚಿಕ್ಕವಳು ಚಕ್ಕಳಮಕ್ಕಳ ಹಾಕಿ ಕೂತು ಶುರುಮಾಡಿದಳು. ಹುಡುಗ ಛತ್ರಿ ಹಿಡಿದು ಕಾಶಿಗೆ ಹೊರಟಿದ್ದು, ಮಾವ ಓಡಿಹೋಗಿ ತಡೆದು ಮಗಳನ್ನು ಕೊಡುತ್ತೇನೆಂದದ್ದು, ಗಂಡುಹೆಣ್ಣಿನ ನಡುವಿನ ಅಂತರಪಟ ಸರಿಸಿದ್ದು, ಹುಡುಗಿಗೆ ಎಟುಕದೆ ಅವಳ ಅಣ್ಣ ಎತ್ತಿ ಹಿಡಿದಾಗ ಹುಡುಗನ ತಲೆಗೆ ಜೀರಿಗೆ ಬೆಲ್ಲ ಹಾಕಿದ್ದು, ತಾಳಿ, ಸಪ್ತಪದಿ. ಅಮ್ಮನಿಗೆ ಇಡೀ ಮದುವೆ ಕಣ್ಣಿಗೆ ಕಟ್ಟಿತು. ನಾನೂ ಹೌದು ಹೌದೆಂದು ತಲೆಯಾಡಿಸುತ್ತಿದ್ದೆ.

"ಛತ್ರಿ ಇರ್ಲೇ ಇಲ್ಲ ಅಜ್ಜಿ," ಎಂದಳು ಮಗಳು.

"ಇತ್ತು. ಕಪ್ಪು ಛತ್ರಿ. ನಾನೇ ನೋಡ್ದೆ."

ನಾನು ಚಿಕ್ಕವಳ ಪರ ನಿಂತೆ. ಕೊನೆಗೆ ಮಾವನಿಗೆ ಫೋನ್ ಮಾಡಿದರೆ ಅವರಿಗೆ ನಗು. ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡು ಗಂಡಿನ ಕಡೆಯವರು ಬಂದದ್ದೇ ತಡವಾಗಿ, ಮುಹೂರ್ತ ಮೀರುತ್ತದೆಂದು ಪುರೋಹಿತರು ಕಾಶಿಯಾತ್ರೆಯನ್ನೇ ಕೈಬಿಟ್ಟಿದ್ದರಂತೆ! ಅಲ್ಲೇ ಮುಂದಿನ ಸಾಲಿನಲ್ಲಿ ಕೂತಿದ್ದ ನನಗೂ ಛತ್ರಿ ಕಂಡ ಹಾಗೇ ಇತ್ತಲ್ಲ.

"ಮದ್ವೆ ಅಂದ್ರೆ ಹಿಂಗೇ ಇರತ್ತೆ ಅಂತ ನಿಮ್ಮಿಬ್ರಿಗೂ ಗೊತ್ತು. ಇಲ್ದೇ ಇದ್ದಿದ್ದನ್ನೂ ತುಂಬಿಸ್ಕೊಂಡ್ರಿ," ಎಂದಳು ಅಮ್ಮ.

ಮಗಳಿಗೆ ಸಮಾಧಾನವಾಗಲಿಲ್ಲ. ಆ ಬಟ್ಟೆ ಯಾಕೆ, ಅಕ್ಕಿ ಯಾಕೆ ಎಂದು ಅಜ್ಜಿಯ ಬೆನ್ನುಬಿದ್ದಳು. ಅಮ್ಮ ನನಗೂ ಚಿಕ್ಕವಳಿಗೂ ಒಂದು ಟವೆಲ್ಲಿನ ತುದಿಗಳನ್ನು ಕೊಟ್ಟು ಹಿಡಿಸಿ, ಅಡುಗೆಮನೆಯಿಂದ ಜೀರಿಗೆ ತರಿಸಿ, ನೋವು ಮರೆತು ಅರ್ಧ ಮದುವೆ ಮಾಡಿ ತೋರಿಸಿದಳು.

ಮುಂದಿನ ಮದುವೆ ಮಲ್ಲೇಶ್ವರದಲ್ಲಿ. ಈ ಸಲ ಮಗಳು ಮೊದಲಿನಿಂದ ಕೊನೆಯವರೆಗೆ, ಫೋಟೋದವನಿಗಾಗಿ ಎರಡನೇ ಸಲ ಹಾರ ಹಾಕಿಸಿದ್ದನ್ನೂ ಬಿಡದೆ, ಸಾಲಾಗಿ ಹೇಳಿದಳು. ಚಿಕ್ಕವಳೂ ಹೇಳಿದಳು, ಅಷ್ಟೇ ಚೆನ್ನಾಗಿ. ಅವಳು ಮುಹೂರ್ತದ ಹೊತ್ತಿಗೆ ನನ್ನ ತೊಡೆಯ ಮೇಲೆ ಗಾಢವಾಗಿ ನಿದ್ದೆಹೋಗಿದ್ದಳು.