ಮಂದಿ ಕೂತರೆ ಮೆತ್ತಗಾಗುವ ಗಾಡಿ

ನಮ್ಮಕ್ಕ ನೋವಿಗೆ ಅಳುತ್ತಿರಲಿಲ್ಲ, ಚೀರುತ್ತಿರಲಿಲ್ಲ. ಗಾಡಿ ಗುಂಡಿಗೆ ಬಿದ್ದಾಗ 'ಹ್ಞೂ' ಅನ್ನುತ್ತಿದ್ದಳು. ಯಾರೋ ಏನೋ ಹೇಳಿದ್ದಕ್ಕೆ ಒಪ್ಪಿಕೊಂಡವರ ಹಾಗೆ, ಸಣ್ಣ ದನಿಯಲ್ಲಿ. ಅವಳ ಊರು ಔರಾದಿನಿಂದ ಬೀದರಿನ ಆಸ್ಪತ್ರೆಗೆ ಬರುವಷ್ಟರಲ್ಲಿ ಆ ಹ್ಞೂಕಾರ ಕೇಳಿ ಕೇಳಿ ನನ್ನ ಕೈ ಸ್ಟೇರಿಂಗ್ ಮೇಲೆ ಬೆವರುತ್ತಿತ್ತು. ರೋಗ ಅವಳ ಬೆನ್ನಿನ ಮೂಳೆಗೆ ಇಳಿದಿತ್ತು. ಕೆಲವು ವಾರಗಳಿಗೊಮ್ಮೆ ಬಂದು ಸಲಾಯಿನ್ ಹಚ್ಚಿಸಿಕೊಂಡು ಹೋಗಬೇಕೆಂದು ಡಾಕ್ಟರು ಹೇಳಿದ್ದರು. ಬದುಕಿಸುವ ಮಾತು ಅವರು ಆಡಿರಲಿಲ್ಲ. ನಾವೂ ಕೇಳಿರಲಿಲ್ಲ. ಹಾಗಾಗಿ ನನ್ನ ಪಾಲಿಗೆ ಉಳಿದದ್ದು ಒಂದೇ ಕೆಲಸ, ಅವಳನ್ನು ಹ್ಞೂ ಅನ್ನಿಸದೆ ಆಸ್ಪತ್ರೆಗೆ ತಂದು ಮನೆಗೆ ಮುಟ್ಟಿಸುವುದು.

ಆಂಬುಲೆನ್ಸ್ ಕರೆಸೋಣ ಅಂದರೆ ಕೇಳುವ ಹೆಣ್ಣಲ್ಲ ಅವಳು. ಹುಟ್ಟಾ ಕುರಿ ಕಾಯ್ದವಳು, ಮೈಲಿಗಟ್ಟಲೆ ನಡೆದವಳು. "ಅದ್ರಾಗ ಮಲಗಿ ಹೋದ್ರ ಊರ ಮಂದಿ ನನ್ನ ಮಣ್ಣಿಗಿ ಬರ್ಲಾಕ ತಯಾರಾಗ್ತಾರ. ನಿನ್ನ ಗಾಡಿ ಮುಂದಿನ ಸೀಟಿನಾಗ ಕುಂತು ಬರ್ತೇನಿ ತಮ್ಮಾ, ರೋಡ್ ಕಾಣ್ತದ" ಅಂದಳು. ಅಲ್ಲಿಗೆ ಮಾತು ಮುಗಿಯಿತು.

ಗಾಡಿಯೋ, ಯಾರೋ ಓಡಿಸಿ ಸಾಕಾಗಿ ಮಾರಿದ ಕಾರು. ಬೀದರಿನ ಮೈಲೂರಿನಲ್ಲಿರುವ ನಮ್ಮ ಓಣಿಯಲ್ಲಿ ಅದಕ್ಕಿಂತ ಸಣ್ಣದು, ಅದಕ್ಕಿಂತ ಹಳೆಯದು ಇನ್ನೊಂದಿರಲಿಲ್ಲ. ಕುಲುಕು ತಡೆಯುವ ಶಾಕಪ್‌ಗಳು ಎಣ್ಣೆ ಕಾರಿ ಸತ್ತಿದ್ದವು. ಸ್ಪ್ರಿಂಗು ಕುಸಿದು ಹಿಂದಿನ ಭಾಗ ನೆಲಕ್ಕೆ ಕೂತಿತ್ತು. ಸ್ಟೇರಿಂಗ್ ಸ್ವಲ್ಪ ಸಡಿಲ ಬಿಟ್ಟರೆ ಸಾಕು, ದಾರಿ ಬದಿಯ ಜಾಲಿಯ ಕಡೆಗೆ ತಾನೇ ಹೊರಡುತ್ತಿತ್ತು. ರಸ್ತೆಯೂ ಅಂಥದ್ದೇ. ನಮ್ಮದು ಕರಿ ಮಣ್ಣು. ಬೇಸಿಗೆಯಲ್ಲಿ ಬಿರಿಯುತ್ತದೆ, ಮಳೆಗೆ ಉಬ್ಬುತ್ತದೆ, ಮೇಲಿನ ಡಾಂಬರು ಅದು ಹೇಳಿದಂತೆ ಕುಣಿಯುತ್ತದೆ. ರಸ್ತೆ ನನ್ನ ಕೈಲಿರಲಿಲ್ಲ, ರೋಗವೂ ಇರಲಿಲ್ಲ. ಗಾಡಿಯನ್ನಾದರೂ ಸರಿ ಮಾಡೋಣ ಅಂದುಕೊಂಡೆ.

ಆ ದಿನಗಳಲ್ಲೇ ಭಾಲ್ಕಿಗೆ, ಹೆಂಡತಿಯ ತವರಿಗೆ ಹೋಗಿದ್ದೆ. ನನ್ನ ಮೈದುನನದೂ ನನ್ನದೇ ಜಾತಿಯ ಹಳೆ ಗಾಡಿ. ಆದರೆ ಅವನು ಅದರಲ್ಲಿ ಸುತ್ತಲಿನ ಹಳ್ಳಿಗಳ ಕಡಲೆ, ತೊಗರಿಯ ಚೀಲ ಹೇರಿಕೊಂಡು ಬೀದರಿನ ಕಾಳಿನ ಪೇಟೆ ಗಾಂಧಿ ಗಂಜ್‌ಗೆ ತರುವವನು. ಮರಳುವಾಗ ಅವನ ಗಾಡಿಯಲ್ಲೇ ಬಂದೆ. ಹಿಂದೆ ಚೀಲಗಳು, ಅವುಗಳ ಮೇಲೆ ಚೀಲದ ಮಾಲೀಕರು, ಮುಂದೆ ನಾನು, ನನ್ನ ಕಾಲಡಿಯೂ ಒಂದು ಚೀಲ. ನಾನು ಸುಮ್ಮನೆ ರಸ್ತೆ ನೋಡುತ್ತಾ ಕುಳಿತಿದ್ದೆ. ಗುಂಡಿಗಳು ಬಂದವು, ಹೋದವು, ನನ್ನ ಸೊಂಟಕ್ಕೆ ಒಂದೂ ಮುಟ್ಟಲಿಲ್ಲ. ತೊಟ್ಟಿಲು ತೂಗಿದ ಹಾಗಿತ್ತು.

"ಏನ್ ಮಾಡಿಸೀಯೋ ಇದಕ್ಕ?" ಅಂದೆ.

"ಲೋಡಿನ ಸ್ಪ್ರಿಂಗ್ ಹಾಕ್ಸೀನಿ ಮಾಮಾ. ಅದರ ಸುರುಳಿ ನಡುವ ರಬ್ಬರ್ ಬಫರ್ ಕುಂದ್ರಿಸ್ಯಾರ. ಗಂಜಿನ ಬಾಜೂಕ ಮೆಕ್ಯಾನಿಕ್ ಉಸ್ತಾದ ಇದ್ದಾನಲ್ಲ, ಅವಂದೇ ಕೆಲಸ. ನಿಮ್ ಅಕ್ಕಾರಿಗಿ ಇಂಥಾದ್ದೇ ಬೇಕು ನೋಡ್ರಿ, ಒಂದ್ ಧಕ್ಕಾ ಹತ್ತಂಗಿಲ್ಲ."

ಸುಳ್ಳು ಹೇಳುವ ಹುಡುಗನಲ್ಲ ಅವನು. ನನ್ನ ಸೊಂಟವೇ ಸಾಕ್ಷಿಯಾಗಿತ್ತು.

ಉಸ್ತಾದ ಗಾಡಿಯ ಮೂಲೆ ಮೂಲೆ ಒತ್ತಿ ನೋಡಿ ನಾಲಿಗೆ ಲೊಚಗುಟ್ಟಿದ. "ಇದು ಗಾಡಿ ಅಲ್ರಿ ಸರ್, ಬಾಜಾ ಅದ. ಎಷ್ಟ್ ಮಂದಿ ಕುಂದರ್ತೀರಿ?" ಅಂದ.

"ತುಂಬ ಕುಂದರ್ತೀವಿ" ಅಂದೆ. ಅದು ನಿಜವೇ ಆಗಿತ್ತು. ನಮ್ಮ ಕಡೆ ರೋಗಿಯನ್ನು ದವಾಖಾನೆಗೆ ಒಂಟಿಯಾಗಿ ಕಳಿಸುವುದು ಅಪಶಕುನ, ಮರ್ಯಾದೆಗೂ ಕಮ್ಮಿ. ಹಾಗಾಗಿ ಅಕ್ಕನ ಜೊತೆ ಅವಳ ನಾದಿನಿ, ನೆಗೆಣ್ಣಿ, ಬಾಜು ಮನೆಯವರು, ಒಬ್ಬರ ತೊಡೆಯ ಮೇಲೊಬ್ಬರು ಅನ್ನುವಂತೆ ಹತ್ತಿ, ರೊಟ್ಟಿಯ ಗಂಟು ಕಟ್ಟಿಕೊಂಡು ಬರುತ್ತಿದ್ದರು. ಆಸ್ಪತ್ರೆಯ ಬೇವಿನ ಗಿಡದ ಕೆಳಗೆ ಕೌದಿ ಹಾಸಿ ಸಂಜೆತನಕ ಕೂಡುತ್ತಿದ್ದರು.

"ಹಂಗಾದ್ರ ಲೋಡಿಂದೇ ಬರೋಬ್ಬರ್" ಅಂದ ಉಸ್ತಾದ. ಮುಂದೆ ಹಿಂದೆ ಗಟ್ಟಿ ಸ್ಪ್ರಿಂಗು, ರಬ್ಬರು, ಹೊಸ ಶಾಕಪ್ ಹಾಕಿದ. ಹಳೆಯವು ಗುಜರಿಗೆ ಹೋದವು. ಗಾಡಿ ಎದ್ದು ನಿಂತಿತು. ಎತ್ತರ ಬದಲಾದರೆ ಚಕ್ರದ ನೇರವೂ ತಪ್ಪುತ್ತದೆಂದು ಅವನೇ ಚಿದ್ರಿ ಕಡೆಯ ಅಲೈನ್‌ಮೆಂಟ್ ಅಂಗಡಿಗೆ ಕಳಿಸಿದ. ಅಲ್ಲಿ ಚಕ್ರಕ್ಕೆ ಪಟ್ಟಿ ಕಟ್ಟಿ, ಪರದೆಯಲ್ಲಿ ಕೆಂಪಗಿದ್ದ ಅಂಕಿಗಳು ಹಸಿರಾಗುವವರೆಗೆ ಕೆಳಗೆ ಮಲಗಿ ನಟ್ಟು ತಿರುವಿದರು. ಮರಳುವಾಗ ಸ್ಟೇರಿಂಗ್ ಬಿಟ್ಟು ನೋಡಿದೆ. ಗಾಡಿ ಹಾಕಿದ ಗೆರೆಯಂತೆ ಹೋಯಿತು. ಎಷ್ಟೋ ತಿಂಗಳ ಮೇಲೆ ಒಂದು ಕೆಲಸ ನಾನು ಅಂದುಕೊಂಡ ಹಾಗೆ ಆಗಿತ್ತು.

ಮುಂದಿನ ಸಲ ಅಕ್ಕ ಮುಂದಿನ ಸೀಟಿನಲ್ಲಿ, ಅವಳಿಗೆ ಒತ್ತಿಕೊಂಡು ನಾದಿನಿ, ಹಿಂದೆ ಉಳಿದ ಬಳಗ. ಊರು ದಾಟಿದ ಮೇಲೆ ಒಂದು ಹಳ್ಳ, ಅದರ ಸಣ್ಣ ಸೇತುವೆ, ಸೇತುವೆಯ ಬಾಯಲ್ಲೇ ಒಂದು ಕೆಟ್ಟ ಗುಂಡಿ. ಹಲ್ಲು ಕಚ್ಚಿ ಇಳಿಸಿದೆ. ಗಾಡಿ ಮೆಲ್ಲಗೆ ತಗ್ಗಿ ಮೆಲ್ಲಗೆ ಎದ್ದಿತು. ಅಕ್ಕನ ಕಡೆ ನೋಡಿದರೆ ಬಾಯಿ ಸ್ವಲ್ಪ ತೆರೆದು ನಿದ್ದೆ ಹೋಗಿದ್ದಳು. ಹಿಂದಿನವರು ಯಾರದೋ ಮದುವೆಯ ಊಟ ಹೇಗೆ ಕೆಟ್ಟಿತೆಂದು ಜಗಳವಾಡುತ್ತಿದ್ದರು. ಆವತ್ತು ನನಗೆ ಎಷ್ಟು ಖುಷಿಯಾಯಿತೆಂದರೆ, ಹೇಳಲು ನಾಚಿಕೆಯಾಗುತ್ತದೆ, ಅಕ್ಕ ಗುಣವಾದಳೆಂದೇ ಅನಿಸಿಬಿಟ್ಟಿತು.

ಹೊಸದರಲ್ಲಿ ಅಗಸ ಗೋಣಿ ಎತ್ತೆತ್ತಿ ಒಗೆದನಂತೆ. ನಮ್ಮ ಬಳಗವೂ ಹಾಗೇ. ಹೊಲದಲ್ಲಿ ಸುಗ್ಗಿಯ ರಾಶಿ ಬಂತು, ಒಬ್ಬಳು ಬಿಟ್ಟಳು. ಇನ್ನೊಬ್ಬಳ ಮಗಳ ಬಾಣಂತನ ಬಂತು. ಬಾಜು ಮನೆಯವಳಿಗೆ ಆಸ್ಪತ್ರೆಯ ವಾಸನೆ ಆಗುವುದಿಲ್ಲವಂತೆ, ಅದು ಅವಳಿಗೆ ಆರು ತಿಂಗಳಾದ ಮೇಲೆ ಗೊತ್ತಾಯಿತು. ಭಾವ ಕುರಿ ಬಿಟ್ಟು ಬರುವ ಹಾಗಿರಲಿಲ್ಲ. ಬರುತ್ತಾ ಬರುತ್ತಾ ಗಾಡಿಯಲ್ಲಿ ನಾನು, ಅಕ್ಕ, ಅವಳ ಕಂಬಳಿ ಇಷ್ಟೇ ಉಳಿದೆವು. ರೊಟ್ಟಿಯ ಗಂಟನ್ನೂ ನಾನೇ ಕಟ್ಟತೊಡಗಿದೆ.

ಆಗ ಆ ಸದ್ದು ತಿರುಗಿ ಬಂತು. ಮೊದಲು ಸೇತುವೆಯ ಹತ್ತಿರ, ಆಮೇಲೆ ಎಲ್ಲ ಗುಂಡಿಗೂ. ಹ್ಞೂ. ಹ್ಞೂ. ಹಳೆ ಸ್ಪ್ರಿಂಗಿನಲ್ಲಿ ಇದ್ದುದಕ್ಕಿಂತ ಕೆಟ್ಟದಾಗಿತ್ತು. ಗಾಡಿ ಗುಂಡಿಯಲ್ಲಿ ಇಳಿಯದೆ ಜಿಗಿಯುತ್ತಿತ್ತು. ಅಕ್ಕ ಸೆರಗಿನ ತುದಿಯನ್ನು ಹಲ್ಲಿನ ನಡುವೆ ಹಿಡಿದು, "ಗಾಡಿ ಛಲೋ ಅದ ತಮ್ಮಾ, ನನ್ನ ಎಲುವೇ ಹಳೇವು ಆಗ್ಯಾವ" ಅನ್ನುತ್ತಿದ್ದಳು.

ನನ್ನ ಬಾಯಿ ಮೊದಲೇ ಕೆಟ್ಟದ್ದು. ಉಸ್ತಾದನ ಮುಂದೆ ನಿಂತು, ಶಾಕಪ್ ಡುಪ್ಲಿಕೇಟು, ಕೆಲಸ ಡುಪ್ಲಿಕೇಟು, ನೀನೂ ಡುಪ್ಲಿಕೇಟು ಅಂತ ಗಂಜಿನ ಹಮಾಲರೆಲ್ಲ ತಿರುಗಿ ನೋಡುವ ಹಾಗೆ ಬೈದೆ. ಅಲೈನ್‌ಮೆಂಟ್ ಅಂಗಡಿಗೂ ಹೋಗಿ ಮತ್ತೆ ಮಾಡಿಸಿದೆ. ಪರದೆಯ ಮೇಲೆ ಎಲ್ಲವೂ ಹಸಿರು. ಇನ್ನೊಂದು ಸಲ ಅಂದೆ. ಮತ್ತೆ ಹಸಿರು. ಅಂಗಡಿಯವನು, "ಸರ್, ಗಾಡಿದಾಗ ಏನೂ ಖರಾಬಿ ಇಲ್ರಿ" ಅಂದ. ಆಸ್ಪತ್ರೆಯಲ್ಲಿ ರಕ್ತದ ರಿಪೋರ್ಟು ನೋಡಿ, ಈ ಸಲ ಬರೋಬ್ಬರಿ ಅದ ಅಂದಾಗಲೂ ಅಕ್ಕ ಹ್ಞೂ ಅನ್ನುತ್ತಲೇ ಇರುತ್ತಿದ್ದಳು. ಎಲ್ಲ ಬರೋಬ್ಬರಿ ಇದ್ದೂ ನೋವು ಹೋಗದಿದ್ದರೆ ಮನುಷ್ಯ ಯಾರ ಜೊತೆ ಜಗಳವಾಡಬೇಕು?

ಕೊನೆಗೆ ಉಸ್ತಾದನೇ ಕೈ ಒರೆಸಿಕೊಂಡು ನನ್ನ ಪಕ್ಕ ಹತ್ತಿ ಕುಳಿತ. ಗಂಜಿನಿಂದ ಒಂದು ಸುತ್ತು ಹೊಡೆದೆವು. ಅವನ ಮುಖ ಇಳಿಯಿತು.

"ಖಾಲಿ ಓಡಿಸ್ಲಿಕ್ಕತ್ತೀರೇನ್ರಿ ಸರ್?"

"ಅಕ್ಕ ಇರ್ತಾಳ."

"ಅವ್ರ ವಜನ್ ಎಷ್ಟ್ರಿ?"

ಅಷ್ಟು ಹೊತ್ತಿಗೆ ಅವಳು ಒಂದು ಕುರಿಮರಿಯಷ್ಟೂ ಉಳಿದಿರಲಿಲ್ಲ.

"ಲೋಡಿನ ಸ್ಪ್ರಿಂಗ್ ಲೋಡ್ ಇದ್ರೇ ನರಮ್ ಆಗ್ತದ್ರಿ. ಖಾಲಿ ಇದ್ರ ಕಲ್ಲು. ನೀವು ಮಂದಿ ತುಂಬ ಕುಂದರ್ತೀವಿ ಅಂದ್ರಿ, ನಾನೂ ಹಾಕ್ದೆ. ರೋಗಿ ಸಲುವಾಗಿ ಅಂತ ನೀವೂ ಹೇಳ್ಲಿಲ್ಲ, ನಾನೂ ಕೇಳ್ಲಿಲ್ಲ" ಅಂದ. ಈ ಮಾಡೆಲ್ಲಿನ ಸಾದಾ ಸ್ಪ್ರಿಂಗು ಈಗ ಸಿಗುವುದಿಲ್ಲವೆಂದೂ, ಹೈದರಾಬಾದಿಗೆ ಹೇಳಿ ಕಳಿಸುತ್ತೇನೆಂದೂ, ಅಲ್ಲಿಯವರೆಗೆ ಹಿಂದೆ ಮಂದಿಯನ್ನು ಕೂಡಿಸಿಕೊಳ್ಳಿರೆಂದೂ ಹೇಳಿದ. ಬೈಸಿಕೊಂಡದ್ದನ್ನು ಅವನು ಎತ್ತಲಿಲ್ಲ. ನನಗೆ ಅವನ ಮೇಲಿನ ಸಿಟ್ಟೂ ಉಳಿಯಲಿಲ್ಲ, ಅದೇ ಕಷ್ಟವಾಯಿತು.

ಮನೆಗೆ ಬಂದು ಒಬ್ಬೊಬ್ಬರಿಗೂ ಫೋನ್ ಮಾಡಿದೆ. ಏನಂತ ಕೇಳುವುದು? ನಿಮ್ಮ ಪ್ರೀತಿ ಬೇಡ, ಭಾರ ಬೇಕು, ಬಂದು ಸುಮ್ಮನೆ ಕೂಡಿರಿ ಅಂತ ಹೇಳಲಾಗುತ್ತದೆಯೇ? ಅಕ್ಕನ ಜೊತೆ ಬರ್ರಿ ಅಂತಷ್ಟೇ ಅಂದೆ. ಬರ್ತೀವಿ, ಮುಂದಿನ ಸಲ ಖಂಡಿತ ಬರ್ತೀವಿ ಅಂದರು. ಅಕ್ಕನಿಗೆ ಅದು ಹೇಗೋ ತಿಳಿಯಿತು.

"ದಿನಾ ಸಾಯೋರಿಗಿ ಅಳೋರು ಯಾರು ತಮ್ಮಾ. ಅವ್ರಿಗ್ಯಾಕ ತ್ರಾಸ ಕೊಡ್ತಿ?" ಅಂದಳು. ಅವಳ ದನಿಯಲ್ಲಿ ಬೇಸರವೇ ಇರಲಿಲ್ಲ. ನನಗೆ ಅವಳ ಪಾಲಿನದೂ ಸೇರಿ ಬೇಸರವಾಯಿತು.

ಮೈದುನ ಭಾಲ್ಕಿಯಿಂದ ಕಡಲೆ ಚೀಲ ತಂದು ಹಿಂದಿನ ಸೀಟಿನಲ್ಲಿ ಸಾಲಾಗಿ ಕೂಡಿಸಿ, ಹಗ್ಗ ಬಿಗಿದು ಕೊಟ್ಟ. ಅಕ್ಕ ಕುತ್ತಿಗೆ ಹೊರಳಿಸಿ ಅವುಗಳನ್ನು ನೋಡಿ, ಎಷ್ಟೋ ದಿನದ ಮೇಲೆ ನಕ್ಕಳು. "ಇವ್ರು ಭಾಳ ಛಲೋ ಮಂದಿ ಆಗ್ಯಾರ. ನೋಡು, ಒಬ್ರರೆ ಯಾರ ಚಾಡಿ ಹೇಳ್ತಾರೇನು" ಅಂದಳು. ನಾನೂ ನಕ್ಕೆ. ಸೇತುವೆಯ ಗುಂಡಿ ಬಂತು. ಹಿಂದಿನ ಭಾಗ ಮೆತ್ತಗೆ ಇಳಿಯಿತು. ಭಾರ ಕಮ್ಮಿಯಿದ್ದ ಮುಂದಿನದು ಮಾತ್ರ ಜಿಗಿಯಿತು, ಅವಳು ಕುಳಿತಿದ್ದುದು ಮುಂದೆ.

ಹ್ಞೂ ಅಂದಳು.

ಅದರ ಮುಂದಿನ ಸಲ ಅವಳಾಗಿಯೇ ಹಿಂದೆ ಹೋದಳು. ಚೀಲಗಳ ಮೇಲೆ ಕಂಬಳಿ ಹಾಸಿ ಮಲಗಿಸಿದೆ. ಸೀಟು ಬಿಟ್ಟುಕೊಡುವಾಗ ಅದರ ಬೆನ್ನನ್ನು ಒಮ್ಮೆ ಕೈಯಿಂದ ಸವರಿದಳು. ದಾರಿಯುದ್ದಕ್ಕೂ, "ಎಲ್ಲಿಗಿ ಬಂದೀವಿ?" ಎಂದು ಕೇಳುತ್ತಿದ್ದಳು. ಮಲಗಿದವಳಿಗೆ ಆಕಾಶವೊಂದೇ ಕಾಣುತ್ತಿತ್ತು. ಕಂಡ ಹೊಲ, ಕಂಡ ಗಿಡ, ಎದುರಾದ ಕುರಿ ಹಿಂಡು ಎಲ್ಲವನ್ನೂ ನಾನು ಹೇಳುತ್ತಾ ಹೋದೆ. ಯಾರ ಕುರಿ ಎಂದು ಕೇಳಿದರೆ ನನಗೆ ಗೊತ್ತಾಗುತ್ತಿರಲಿಲ್ಲ. ಆವತ್ತು ಡಾಕ್ಟರು ನನ್ನನ್ನು ಬಾಗಿಲ ಹೊರಗೆ ಕರೆದು, ಇನ್ನು ಇಷ್ಟು ದೂರ ಕರೆತಂದು ಅವರನ್ನು ಹಿಂಸಿಸಬೇಡಿರಿ ಅಂದರು. ಹೈದರಾಬಾದಿನಿಂದ ಸ್ಪ್ರಿಂಗು ಬರಲೇ ಇಲ್ಲ. ಇನ್ನು ತರಿಸುವುದು ಬೇಡವೆಂದು ನಾನೂ ಉಸ್ತಾದನಿಗೆ ಹೇಳಲಿಲ್ಲ.

ಅಕ್ಕ ಔರಾದಿನಲ್ಲಿ ತೀರಿಕೊಂಡ ಬೆಳಿಗ್ಗೆ ನಾನು ಮೈಲೂರಿನಲ್ಲಿದ್ದೆ. ಸುದ್ದಿ ತಿಳಿದದ್ದೇ ತಡ, ಬೀದರಿಗೆ ಬಂದು ನೆಲೆಸಿದ್ದ ಬಳಗವೆಲ್ಲ ನಮ್ಮ ಮನೆಯ ಮುಂದೆ ನೆರೆಯಿತು. ಭಾಲ್ಕಿಯವರೂ ಬಂದರು. ಔರಾದಿಗೆ ನಿನ್ನ ಗಾಡಿಯಲ್ಲೇ ಬರುತ್ತೇವೆ ಅಂದರು. ನಾನು ಬೇಡವೆನ್ನಲಿಲ್ಲ. ಒಬ್ಬರ ತೊಡೆಯ ಮೇಲೊಬ್ಬರು ಹತ್ತಿದರು. ಮುಂದಿನ ಸೀಟಿನಲ್ಲೂ ಇಬ್ಬರು, ಹೂವಿನ ಹಾರದ ಪೊಟ್ಟಣ ಮಡಿಲಲ್ಲಿಟ್ಟುಕೊಂಡು ಕುಳಿತರು.

ಗಾಡಿ ತಗ್ಗಿ, ಉಸಿರು ಬಿಟ್ಟಂತೆ ನಿಂತು, ಹೊರಟಿತು. ಸ್ಟೇರಿಂಗ್ ನೇರ. ಎಲ್ಲೂ ಧಕ್ಕೆಯಿಲ್ಲ. ಊರು ಬಿಟ್ಟು ಸ್ವಲ್ಪ ದೂರ ಹೋದ ಮೇಲೆ ಹಿಂದಿನಿಂದ ಒಬ್ಬಳು, ಅಳು ನಿಲ್ಲಿಸಿ ಕಣ್ಣೊರೆಸಿಕೊಳ್ಳುತ್ತಾ, "ನಿಮ್ ಗಾಡಿ ಎಷ್ಟ್ ನರಮ್ ಅದರೀ ಅಣ್ಣಾ. ಕುಂತಿದ್ದೇ ಗೊತ್ತಾಗವಲ್ದು" ಅಂದಳು. ಎಲ್ಲರೂ ಹೌದ್ಹೌದು ಅಂದರು. ಆ ಹೊತ್ತು ಅವರೆಲ್ಲರನ್ನೂ ಅಲ್ಲೇ ಹೊಲದಲ್ಲಿ ಇಳಿಸಿ ಹೋಗಬೇಕೆನಿಸಿತು. ಇಳಿಸಿದರೆ ಯಾರಿಗೆ ನೋವು, ಈಗ ಗಾಡಿ ಎಷ್ಟು ಜಿಗಿದರೇನು ಅಂತಲೂ ಅನಿಸಿತು.

ಹಳ್ಳದ ಸೇತುವೆ ಬಂತು. ರೂಢಿಯಂತೆ ಹಲ್ಲು ಕಚ್ಚಿ ವೇಗ ತಗ್ಗಿಸಿದೆ. ಗಾಡಿ ಗುಂಡಿಯಲ್ಲಿ ಮೆಲ್ಲಗೆ ಇಳಿದು ಮೆಲ್ಲಗೆ ಎದ್ದಿತು. ಯಾರಿಗೂ ತಿಳಿಯಲಿಲ್ಲ.

"ಹ್ಞೂ" ಅಂದೆ ನಾನು.

"ಏನಂದ್ರಿ?" ಎಂದು ಪಕ್ಕದವನು ಕೇಳಿದ.

ಏನಿಲ್ಲ ಅಂದು ಗೇರು ಬದಲಿಸಿದೆ.