ಟವೆಲ್ಲಿನಡಿ ಇಳಿದ ಸಂಬಳ

ವರ್ಷಕ್ಕೊಮ್ಮೆ ನಮ್ಮ ಗ್ರಾಮ ಪಂಚಾಯತಿ ಗಂಭೀರವಾಗಿ ಸಭೆ ಸೇರಿ ತನ್ನ ನೌಕರವರ್ಗದ ಸಂಬಳವನ್ನು ಪರಾಮರ್ಶಿಸುತ್ತದೆ. ನೌಕರವರ್ಗವೆಂದರೆ ಇಬ್ಬರು: ನೀರು ಬಿಡುವ ವಾಟರ್‌ಮನ್, ಬೀದಿ ಗುಡಿಸುವ ಹೆಂಗಸು. ಇಬ್ಬರ ಸಂಬಳವೂ ಪಂಚಾಯತಿಯ ಸ್ವಂತ ನಿಧಿಯಿಂದ ಹೋಗುವುದರಿಂದ ಏರಿಸುವ ಪರಮಾಧಿಕಾರ ನಮ್ಮದೇ. ವಾರ್ಡು ಮೆಂಬರಾದ ನನಗೆ ಮನೆಯಲ್ಲಿ ಯಾವ ಅಧಿಕಾರವೂ ಇಲ್ಲ. ಹಾಗಾಗಿ ಆ ಒಂದು ದಿನ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹೋಗುತ್ತೇನೆ.

ನಮ್ಮೂರು ಆಂಧ್ರದ ಗಡಿಯೊಳಗೆ, ಮಡಕಶಿರಾದಿಂದ ರೊಳ್ಳದ ಕಡೆಗೆ. ಕಡತಗಳೆಲ್ಲ ತೆಲುಗಿನಲ್ಲಿ, ಜಗಳಗಳೆಲ್ಲ ಕನ್ನಡದಲ್ಲಿ. ಕಾರ್ಯದರ್ಶಿಗಳು ರಾಯದುರ್ಗದವರು. ನಮ್ಮ ಕನ್ನಡ ಕೇಳಿ ಅವರಿಗೆ ನಗು, ಅವರದು ಕೇಳಿ ನಮಗೆ.

ಈ ಸಲ ಅಧ್ಯಕ್ಷೆ ಸರ್ಪಂಚಮ್ಮ ಶುರುವಿಗೇ ಉದಾರವಾದರು. "ಮನೆ ಕಂದಾಯ ಚೆನ್ನಾಗಿ ಬಂದೈತೆ. ಇಬ್ರಿಗೂ ಸಾವ್ರ ಸಾವ್ರ ಏರ್ಸಾಣ."

ನಾವೆಲ್ಲ ತಲೆಯಾಡಿಸಿದೆವು. ಬಾಗಿಲ ಹತ್ತಿರ ನಿಂತಿದ್ದ ವಾಟರ್‌ಮನ್ ಕೈಮುಗಿದ. "ಅಮ್ಮಾ, ನಂಗ್ ಬ್ಯಾಡ."

"ಏನ್ಲಾ ಬ್ಯಾಡ?"

"ಸಾವ್ರ ಬ್ಯಾಡ. ಏರ್ಸಲೇಬ್ಯಾಡಿ."

ಸಾಲದೆಂದು ಅತ್ತವರನ್ನು ಕಂಡಿದ್ದೆವು, ಬೈದವರನ್ನೂ ಕಂಡಿದ್ದೆವು. ಹೆಚ್ಚಾಯಿತೆಂದು ಕೈಮುಗಿದವನನ್ನು ಕಂಡಿರಲಿಲ್ಲ.

ವಿಷಯ ಅವನ ತಾಯಿಯ ಪಿಂಚಣಿಯದು. ಮನೆಯ ವರಮಾನ ಇಷ್ಟನ್ನು ದಾಟಬಾರದೆಂದು ಸರ್ಕಾರ ಒಂದು ಗೆರೆ ಎಳೆದಿದೆ. ಇವನ ಸಂಬಳ ಅದರ ಅಂಚಿನಲ್ಲೇ ನಿಂತಿದೆ. ಸಾವಿರ ಏರಿದರೆ ಗೆರೆ ದಾಟುತ್ತದೆ, ದಾಟಿದರೆ ಅದಕ್ಕಿಂತ ದೊಡ್ಡದಾದ ಪಿಂಚಣಿ ನಿಲ್ಲುತ್ತದೆ.

"ಒಂದನೇ ತಾರೀಕು ನಮ್ಮೂರ್ ಗ್ರಾಮ ಸಚಿವಾಲಯದೋರು ಪಿಂಚಣೀನ ಬಾಗ್ಲಿಗೇ ತಂದ್ಕೊಡ್ತಾರೆ" ಎಂದ. "ನಮ್ಮವ್ವ ಅವತ್ತು ಬೆಳಿಗ್ಗೇನೇ ತಲೆ ಬಾಚ್ಕಂಡು ಕುಂತಿರ್ತಾಳೆ. ನಾನ್ ದುಡ್ ಕೊಟ್ರೆ ಮುಟ್ಟಲ್ಲ. 'ನಿನ್ ದುಡ್ನಾಗೆ ಎಲೆ ಅಡ್ಕೆ ಹಾಕ್ಕಂಡ್ರೆ ನಿನ್ ಹೆಂಡ್ತಿ ಮಕ ನೋಡ್ಬೇಕು' ಅಂತಾಳೆ."

"ಹಂಗಾದ್ರೆ ಇವನ್ನ ಬಿಟ್ಟು ಆಕೆಗೊಬ್ಳಿಗೇ ಏರ್ಸಾಣ" ಎಂದೆ ನಾನು, ಅಂಗಿಗೆ ತಕ್ಕ ಗತ್ತಿನಲ್ಲಿ.

"ಹಂಗ ಬರಂಗಿಲ್ರಿ" ಎಂದರು ಕಾರ್ಯದರ್ಶಿಗಳು. "ಆಡಿಟ್‌ನ್ಯಾಗ ಯಾಕ ಅಂತ ಕೇಳ್ತಾರ. ಒಬ್ರಿಗೆ ಹೆಚ್ಚು ಕೊಟ್ರ ಹೆಚ್ಚಿನ ಕೆಲಸ ತೋರಿಸ್ಬೇಕ್ರಿ."

ಗುಡಿಸುವ ಹೆಂಗಸಿಗೆ ಸಿಟ್ಟು ಬಂತು. ಆಕೆಯ ಮನೆಯಲ್ಲಿ ಪಿಂಚಣಿಯವರಿಲ್ಲ, ಸಂಬಳ ಆ ಗೆರೆಗಿಂತ ಎಷ್ಟೋ ಕೆಳಗೆ. "ಲೇ, ನಿಮ್ಮವ್ವನ ಪಿಂಚಣಿಗೆ ನನ್ ಸಂಬ್ಳ ಯಾಕ್ಲಾ ಗಂಟಾಕ್ತೀಯ?"

ಆಗ ಕುರಿ ಸಾಕುವ ನಮ್ಮ ಇನ್ನೊಬ್ಬ ಮೆಂಬರು ಎದ್ದು ಹೆಗಲ ಮೇಲಿನ ಟವೆಲ್ಲು ತೆಗೆದರು. ಸಂತೆಯಲ್ಲಿ ಕುರಿಯ ಬೆಲೆ ಬಾಯಲ್ಲಿ ಹೇಳುವುದಿಲ್ಲ. ಟವೆಲ್ಲಿನಡಿ ಕೈಸೇರಿಸಿ, ಎದುರಿನವನ ಬೆರಳು ಹಿಡಿದು ಹೇಳುತ್ತಾರೆ, ಸುತ್ತ ನಿಂತವರಿಗೆ ತಿಳಿಯದಂತೆ. "ಬಾರಪ್ಪ, ಬೆರಳಿಗೆ ನೂರು" ಎಂದು ವಾಟರ್‌ಮನ್‌ನ ಕೈ ಎಳೆದು ಮೇಲೆ ಟವೆಲ್ಲು ಹೊದಿಸಿದರು.

ಮುಂದಿನದು ಯಾವ ಸಂತೆಯಲ್ಲೂ ನಡೆಯದ ವ್ಯಾಪಾರ. ಕೊಡುವವರು ಐದು ಬೆರಳು ಹಿಡಿಯುವರು, ಇಸಿದುಕೊಳ್ಳುವವನು ಒಂದೊಂದೇ ಬೆರಳು ಬಿಡಿಸಿಕೊಳ್ಳುವನು. ಮೆಂಬರ ಹಣೆಯಲ್ಲಿ ಬೆವರು. "ಕುರೀನೇ ವಾಸಿ ಕಣ್ರಪ್ಪ, ಜಾಸ್ತಿ ಮೇವು ಹಾಕಿದ್ರೆ ಬ್ಯಾಡ ಅನ್ನಲ್ಲ!"

"ನನ್ ಬೆರಳಿಗೇನು ಬೆಲೆ ಇಲ್ವಾ?" ಎಂದು ಆ ಹೆಂಗಸು ತನ್ನ ಕೈಯನ್ನೂ ಒಳಗೆ ತೂರಿಸಿದಳು. ಮೂರು ಕೈ ಸೇರಿದ ಟವೆಲ್ಲು ಬೆಕ್ಕಿನ ಮರಿಗಳನ್ನು ಮುಚ್ಚಿಟ್ಟಂತೆ ಎದ್ದು ಬಿದ್ದು ಮಾಡಿತು.

"ಮ್ಯಾಡಮ್, ಟವೆಲ್ ಒಳಗಿನ ಚರ್ಚಾ ಬರೀಲೇನ್ರಿ?" ಎಂದು ಕಾರ್ಯದರ್ಶಿಗಳು ಕೇಳಿದರು.

"'ಕೂಲಂಕಷ ಚರ್ಚೆಯಾದ ಮೇಲೆ' ಅಂತ ಬರ್ಕಳಿ" ಎಂದರು ಸರ್ಪಂಚಮ್ಮ.

ಕೊನೆಗೆ ಟವೆಲ್ಲು ಸರಿಯಿತು. ನೀರಿನ ಟ್ಯಾಂಕಿಗೆ ಬ್ಲೀಚಿಂಗ್ ಪೌಡರು ಹಾಕುವ ಕೆಲಸ ಅವನಿಂದ ಅವಳಿಗೆ. ಅದರ ನೆಪದಲ್ಲಿ ಅವಳಿಗೆ ಸಾವಿರಕ್ಕೂ ಮೇಲೆ. ಅವನಿಗೆ ಎರಡೇ ಬೆರಳು, ಗೆರೆಗೆ ತಾಕದಂತೆ. ಸರ್ವಾನುಮತ.

"ನಮ್ಮವ್ವಂಗೆ ಯಾರೂ ಹೇಳ್ಬ್ಯಾಡಿ" ಎಂದ ಅವನು ಹೊರಡುವಾಗ. "ಗೊತ್ತಾದ್ರೆ, 'ನನ್ ಪಿಂಚಣಿ ಹಾಳಾಗ್ಲಿ, ನೀನು ಸಂಬ್ಳ ಏರ್ಸ್ಕ' ಅಂತಾಳೆ." ಆಗಲಿ ಎಂದೆವು.

ಮುಂದಿನ ತಿಂಗಳ ಒಂದನೇ ತಾರೀಕು ಅವನ ಮನೆ ಮುಂದೆ ಹಾದೆ. ಮುದುಕಿ ನುಣ್ಣಗೆ ತಲೆ ಬಾಚಿಕೊಂಡು ಜಗಲಿಯಲ್ಲಿ ಕೂತಿದ್ದಳು. ಪಿಂಚಣಿ ಆಗಲೇ ಬಂದು ಸೆರಗಿನ ಗಂಟು ಸೇರಿತ್ತು.

"ಬಾರಪ್ಪ ಮೆಂಬ್ರೇ! ಕಸ ಗುಡ್ಸೋಳಿಗೆ ಅಷ್ಟೊಂದು ಏರ್ಸಿದೀರಂತೆ, ನನ್ ಮಗುಂಗೆ ಇನ್ನೂರಾ? ಬಾಯಿಲ್ದ ಹುಡ್ಗ ಅಂತ ತುಳೀತೀರಾ? ನಾನಿದ್ದಿದ್ರೆ ಅವತ್ತು ಸಭೇಲಿ, ಒಬ್ಬೊಬ್ರುದೂ ಜುಟ್ಟು ಹಿಡಿದು ಕೇಳ್ತಿದ್ದೆ!"

ನನಗೆ ಹಿಡಿಯಲು ಜುಟ್ಟೇ ಇಲ್ಲವೆಂಬುದು ಸಮಾಧಾನದ ಸಂಗತಿ. "ಪಂಚಾಯ್ತೀಲಿ ದುಡ್ಡಿಲ್ಲ ಕಣವ್ವಾ" ಎಂದೆ, ಇಡೀ ಸಭೆಯ ಪರವಾಗಿ.

"ದುಡ್ಡಿಲ್ದೋರ ಅಂಗಿ ನೋಡು!" ಎಂದು ಬೈಯುತ್ತಲೇ ಗಂಟು ಬಿಚ್ಚಿ, ಒಂದು ನೋಟು ತೆಗೆದು ನನ್ನ ಕೈಗಿಟ್ಟಳು. "ಹೋಗಿ ಅಂಗ್ಡೀಲಿ ಎಲೆ ಅಡ್ಕೆ ತಂದ್ಕೊಡು. ನಿಂಗೂ ಒಂದೆಲೆ ಹಾಕ್ಕೊ."

ತಂದುಕೊಟ್ಟೆ. ಹಾಕಿಕೊಂಡೆ.