ಕಾಗದದಲ್ಲಿ ಬೆಳ್ಳಗಾದ ನೀಲಿ ಸೀರೆ

ಇದು ನಡೆದದ್ದು ಎರಡು ವರ್ಷದ ಹಿಂದಿನ ದಸರಾ ರಜೆಯಲ್ಲಿ. ನನ್ನ ನೆನಪಿನ ಮೇಲೆ ನನಗೆ ಅಷ್ಟೇನೂ ಭರವಸೆ ಇಲ್ಲ. ಅದಕ್ಕೇ ದಿನಚರಿ ಬರೆಯುತ್ತೇನೆ, ಈಗಲೂ ಅದನ್ನು ಪಕ್ಕದಲ್ಲಿ ತೆರೆದಿಟ್ಟುಕೊಂಡೇ ಕೂತಿದ್ದೇನೆ.

ಅಮ್ಮ ಮತ್ತು ನಾನು ಲಿಂಗರಾಜಪುರದಲ್ಲಿ ಒಂದು ಮನೆಯ ಮೊದಲ ಮಹಡಿಯಲ್ಲಿದ್ದೇವೆ. ನಾನು ಕಾಲೇಜಿನಲ್ಲಿ ಕೆಮಿಸ್ಟ್ರಿ ಕಲಿಸುತ್ತೇನೆ. ಬೆಳ್ಳಿಯ ಲವಣ ಬೆಳಕಿಗೆ ಕಪ್ಪಾಗುತ್ತದೆ, ಹಿಂದೆ ಅದನ್ನೇ ಗಾಜಿಗೆ ಬಳಿದು ಫೋಟೋ ತೆಗೆಯುತ್ತಿದ್ದರು ಎಂದು ಪ್ರತಿ ವರ್ಷ ಹೇಳುತ್ತೇನೆ. ಒಮ್ಮೆಯೂ ಮಾಡಿ ನೋಡಿರಲಿಲ್ಲ. ಆ ರಜೆಯಲ್ಲಿ ಮಾಡಿಯೇ ಬಿಡೋಣ ಅನ್ನಿಸಿತು. ಶಿವಾಜಿನಗರದ ಗುಜರಿಯಲ್ಲಿ ಹಳೆಯ ಮರದ ಕ್ಯಾಮೆರಾ ಸಿಕ್ಕಿತ್ತು. ಅದಕ್ಕೆ ಹೊಂದುವ ಹಾಗೆ ಹಲಸೂರಿನ ಫೋಟೋ ಫ್ರೇಮ್ ಅಂಗಡಿಯಲ್ಲಿ ಗಾಜು ಕತ್ತರಿಸಿಕೊಂಡೆ. ಅಂಗಡಿಯವರು ಗಾಜನ್ನು ಅಂಗೈ ಮೇಲಿಟ್ಟು ನೋಡಿ, "ಇಷ್ಟು ಚಿಕ್ಕ ಫ್ರೇಮ್ ಯಾವ ದೇವ್ರಿಗೆ ಮೇಡಂ?" ಅಂದರು.

ಬೆಳ್ಳಿಯ ಲವಣ ಗಾಜಿಗೆ ಅಂಟಬೇಕಾದರೆ ಜೆಲಟಿನ್ ಬೇಕು. ಅದನ್ನು ಯಾವುದರಿಂದ ಮಾಡುತ್ತಾರೆ ಎಂದು ಅಮ್ಮ ಕೇಳಿದಳು. ಸುಳ್ಳು ಹೇಳಬಹುದಿತ್ತು. ಮೂಳೆ, ಚರ್ಮ ಬೇಯಿಸಿ ಎಂದೆ.

"ಅಯ್ಯೋ ಶಿವನೇ! ನನ್ನ ಒಲೆ ಮೇಲೆ ಅದೆಲ್ಲ ಇಡಕೂಡದು. ಚೈನಾ ಗ್ರಾಸ್ ಇದೆ ನೋಡು, ಹಲ್ವಾಗೆ ಹಾಕೋದು. ಅದೂ ಗಟ್ಟಿಯಾಗಲ್ವಾ?"

ಗಟ್ಟಿಯೇನೋ ಆಯಿತು. ಆದರೆ ಒಣಗಿದ ಮೇಲೆ ಹಪ್ಪಳದ ಹಾಗೆ ಗಾಜಿನಿಂದ ಎದ್ದು ಬಂತು. ತಂದಿದ್ದ ಸಿಲ್ವರ್ ನೈಟ್ರೇಟಿನಲ್ಲಿ ಅರ್ಧ ಹೀಗೆ ಹೋಯಿತು. ನನ್ನ ಬೆರಳುಗಳೆಲ್ಲ ಕಪ್ಪಾದವು.

ಸಪ್ಪೆ ಮುಖ ಹಾಕಿಕೊಂಡು ಮೆಟ್ಟಿಲ ಮೇಲೆ ಕೂತಿದ್ದಾಗ ಶರಣಮ್ಮ ಬಂದರು. ಮೆಟ್ಟಿಲ ಹಿಂದಿನ ಒಂದು ಕೋಣೆಯಲ್ಲಿ ಅವರೂ ಅವರ ಗಂಡ ಭೀಮಣ್ಣನೂ ಬಾಡಿಗೆಗಿದ್ದರು. ಕಲಬುರಗಿ ಕಡೆಯವರು. ಶರಣಮ್ಮನಿಗೆ ಹತ್ತಿರದ ಪಿಜಿಯಲ್ಲಿ ಬೆಳಿಗ್ಗೆ, ಸಂಜೆ ಚಪಾತಿ ಮಾಡುವ ಕೆಲಸ, ಭೀಮಣ್ಣನಿಗೆ ಸೆಂಟ್ರಿಂಗ್ ಕೆಲಸ. ನಾನು ಪಾಠ ಮಾಡುವವಳಾದ್ದರಿಂದ ನನ್ನನ್ನು ಅಕ್ಕೋರೆ ಎನ್ನುತ್ತಿದ್ದರು.

"ಏನ್ರೀ ಅಕ್ಕೋರೆ, ಹತ್ತೂ ಬೆರಳಿಂದ ವೋಟ್ ಹಾಕಿ ಬಂದೀರೇನು?"

ನಗು ಬಂತು. ಎಲ್ಲವನ್ನೂ ಹೇಳಿಕೊಂಡೆ. ನಮ್ಮ ಬಚ್ಚಲಿನ ಕಿಂಡಿಗೆ ಎಷ್ಟು ಬಟ್ಟೆ ತುರುಕಿದರೂ ಬೆಳಕು ನುಗ್ಗುತ್ತದೆ ಎಂಬುದನ್ನೂ.

"ನಮ್ ಖೋಲಿಗಿ ಬರ್ರಿ. ಕಿಟಕಿನೇ ಇಲ್ಲ, ಹಗಲಾಗೂ ಕತ್ತಲಾ. ಎಲುಬು ಬೇಯಿಸದು ನಮಗೇನ್ ಹೊಸಾದಲ್ರಿ, ಆದಿತ್ವಾರ ಆದಿತ್ವಾರ ಕೋಳಿ ಮಾಡ್ತೀವಿ." ಮತ್ತೆ ಕೇಳಿದರು, "ನನ್ನದೊಂದ್ ತೆಗೀತೀರೇನು, ಗಾಜಿನ್ಯಾಗ?"

ಹಿಂದಿನ ತಿಂಗಳು ಅವರ ಫೋನು ನೀರಿನ ಡ್ರಮ್ಮಿಗೆ ಬಿದ್ದು ಇದ್ದಬದ್ದ ಫೋಟೋಗಳೆಲ್ಲ ಹೋಗಿದ್ದವು.

"ಗಾಜಿಂದು ನೀರಾಗ ಬಿದ್ರ ಏನೂ ಆಗಂಗಿಲ್ಲಲ್ರೀ?"

"ನೀರಲ್ಲೇ ತೊಳೆಯೋದು ಶರಣಮ್ಮ."

"ಹಂಗಾರ ಪಕ್ಕಾ. ಆದ್ರ ಬರೋ ಆದಿತ್ವಾರ ಹೊರಮಾವಿಗಿ ಹೋಗ್ತೀವ್ರಿ. ಬ್ಯಾರೆ ಖೋಲಿ ಸಿಕ್ಕದ. ಕಿಟಕಿ ಅದ ಅದಕ್ಕ!"

ನಮ್ಮ ಕೈಯಲ್ಲಿ ನಾಲ್ಕು ದಿನವಿತ್ತು.

ಮರುದಿನ ಮಧ್ಯಾಹ್ನ ಅವರ ಕೋಣೆಯ ಬಾಗಿಲ ಸಂದಿಗೆಲ್ಲ ಗೋಣಿಚೀಲ ತುರುಕಿದೆವು. ಸೈಕಲ್ಲಿನ ಹಿಂದಿನ ಕೆಂಪು ದೀಪವೊಂದೇ ಬೆಳಕು. ಕರಗಿದ ಜೆಲಟಿನ್ನಿಗೆ ಬ್ರೋಮೈಡ್ ಬೆರೆಸಿ, ಬೆಳ್ಳಿಯ ದ್ರಾವಣವನ್ನು ಹನಿಹನಿಯಾಗಿ ಬಿಟ್ಟೆ. ತಿಳಿಯಾಗಿದ್ದದ್ದು ಬೆಳ್ಳಗಾಯಿತು. "ಹಾಲಾತಲ್ರೀ!" ಎಂದು ಶರಣಮ್ಮ ಕೂಗಿದರು. ನಾನು ಸುರಿದ ಮೊದಲ ಗಾಜಿನಲ್ಲಿ ಗುಳ್ಳೆಯೋ ಗುಳ್ಳೆ. ಅವರು ನನ್ನ ಕೈಯಿಂದ ಗಾಜು ಕಿತ್ತುಕೊಂಡು, ಬೆರಳ ತುದಿಗಳ ಮೇಲೆ ನಿಲ್ಲಿಸಿ, ಒಂದೊಂದೇ ಮೂಲೆಗೆ ವಾಲಿಸಿ ಹರಿಸಿದರು. ಉಳಿದ ಎರಡನ್ನೂ ಅವರೇ ಮಾಡಿದರು. ಇದ್ದ ಬೆಳ್ಳಿಗೆ ಮೂರೇ ಗಾಜು.

ಅವು ಒಣಗುವ ತನಕ ಕೋಣೆಯಲ್ಲಿ ಬೆಳಕು ಮಾಡುವ ಹಾಗಿರಲಿಲ್ಲ. ಮುಸ್ಸಂಜೆಯ ದೀಪದ ಹೊತ್ತಾಯಿತು. ಅವರ ದೇವರ ಪಟವಿದ್ದದ್ದು ಆ ಕತ್ತಲೊಳಗೇ. ಶರಣಮ್ಮ ಹಣತೆಯನ್ನು ಹೊಸ್ತಿಲ ಹೊರಗೆ ಹಚ್ಚಿಟ್ಟು, ಮುಚ್ಚಿದ ಬಾಗಿಲಿಗೇ ಕೈಮುಗಿದು, "ದೇವ್ರಿಗೂ ಗೊತ್ತಾಗ್ತದ ತಗೋರಿ" ಎಂದು ಪಿಜಿಗೆ ಹೊರಟರು.

ಗುಳ್ಳೆಯ ಗಾಜಿನಲ್ಲಿ ತುಳಸಿ ಕುಂಡದ ಫೋಟೋ ತೆಗೆದೆ. ಬೆಳಕು ಹೆಚ್ಚಾಗಿ ಇಡೀ ಗಾಜು ಕಪ್ಪಾಯಿತು. ಎರಡನೆಯದಕ್ಕೆ ಅಮ್ಮ ಕೂತಳು. ಆರು ಎಣಿಸುವವರೆಗೆ ಅಲುಗಾಡಬಾರದು ಎಂದಿದ್ದೆ. ಮೂರಕ್ಕೇ ಕೆಳಗೆ ಸೊಪ್ಪಿನವನ ಕೂಗು ಕೇಳಿಸಿತು. "ಏಯ್, ನಿಲ್ಲಪ್ಪಾ!" ಎಂದು ಅಮ್ಮ ತಿರುಗಿದಳು. ಗಾಜಿನಲ್ಲಿ ಅವಳಿಗೆ ಎರಡು ಮೂಗು ಬಂದಿವೆ.

ಉಳಿದದ್ದು ಒಂದು. ಶನಿವಾರ ಮಧ್ಯಾಹ್ನ ಶರಣಮ್ಮ ಎರಡು ಸೀರೆ ತಂದು, "ಯಾವುದು ಉಡ್ಲಿ?" ಎಂದು ಕೇಳಿದರು. ಒಂದು ಕೆಂಪು, ಇನ್ನೊಂದು ತಿಳಿನೀಲಿಯ ಇಳಕಲ್ ಸೀರೆ, ಕೆಂಪು ಅಂಚು. ನೀಲಿಯದನ್ನು ಅವರೇ ಆರಿಸಿದರು ಎಂದು ಬರೆಯಲು ಈಗಲೂ ಕೈ ಹೋಗುತ್ತದೆ. ದಿನಚರಿಯಲ್ಲಿರುವುದು ಬೇರೆ: "ನೀಲಿ ಉಟ್ಟುಕೊಳ್ಳಿ ಎಂದೆ."

ತಾರಸಿಯ ಮೇಲೆ ಕೂರಿಸಿ ಆರು ಎಣಿಸಿದೆ. ಅವರು ರೆಪ್ಪೆ ಕೂಡ ಹೊಡೆದಂತೆ ಕಾಣಲಿಲ್ಲ. ಕತ್ತಲಲ್ಲಿ ಗಾಜನ್ನು ಡೆವಲಪರಿನಲ್ಲಿ ಅದ್ದಿ ತೊಳೆದಾಗ ಚಿತ್ರ ಚೊಕ್ಕವಾಗಿ ಮೂಡಿತ್ತು, ತಿರುಗುಮುರುಗಾಗಿ: ಬೆಳ್ಳಗಿದ್ದಲ್ಲಿ ಕಪ್ಪು, ಕಪ್ಪಿದ್ದಲ್ಲಿ ಬರೀ ಗಾಜು. ಭಾನುವಾರ ಬೆಳಿಗ್ಗೆ ಅದನ್ನು ಅಂಗಡಿಯಿಂದ ತಂದಿದ್ದ ಫೋಟೋ ಕಾಗದದ ಮೇಲಿಟ್ಟು ಬಿಸಿಲಿನಲ್ಲಿ ಅಚ್ಚು ತೆಗೆದೆ. ಅಚ್ಚು ಒಣಗಿದ ಮೇಲೆ ಎತ್ತಿ ನೋಡಿದೆ. ಶರಣಮ್ಮ ಬಿಳಿ ಸೀರೆಯಲ್ಲಿ ಕೂತಿದ್ದರು. ಹಣೆಯ ಕುಂಕುಮ ಕಪ್ಪಗಿತ್ತು.

ಈ ಲೇಪಕ್ಕೆ ಕೆಂಪು ಕಾಣುವುದೇ ಇಲ್ಲ, ಅಚ್ಚಿನಲ್ಲಿ ಅದು ಕಪ್ಪಾಗುತ್ತದೆ. ನೀಲಿ ಬಿಳಿಯಾಗುತ್ತದೆ. ಕೆಂಪು ದೀಪದಲ್ಲಿ ಕೆಲಸ ಮಾಡಿದ್ದೂ ಅದಕ್ಕೇ. ಪ್ರತಿ ವರ್ಷ ಬೋರ್ಡಿನ ಮೇಲೆ ಬರೆಯುವ ಪಾಠ. ಸೀರೆ ಆರಿಸುವಾಗ ಮಾತ್ರ ತಲೆಗೆ ಬರಲಿಲ್ಲ.

ಅಮ್ಮ ನೋಡಿ ದನಿ ತಗ್ಗಿಸಿದಳು. "ಗಂಡ ಇರೋ ಹೆಂಗಸಿಗೆ ಹೆಂಗೆ ಕೊಡ್ತೀಯೇ ಇದನ್ನ? ಸರಿ ಬರ್ಲಿಲ್ಲ ಅಂದ್ಬಿಡು."

ಹಾಗೆ ಹೇಳಬೇಕೆಂದೇ ಕೆಳಗಿಳಿದೆ. ಟೆಂಪೋಗೆ ಸಾಮಾನು ಏರಿಸುತ್ತಿದ್ದರು. ಶರಣಮ್ಮ ಓಡಿ ಬಂದು ಕೈ ಚಾಚಿದರು. ಆ ಮುಖ ನೋಡಿ ಸುಳ್ಳು ಬಾಯಿಗೆ ಬರಲಿಲ್ಲ. ಅಚ್ಚು, ಗಾಜು ಎರಡನ್ನೂ ಕೊಟ್ಟೆ. ಅವರು ಅಚ್ಚನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದರು. ಭೀಮಣ್ಣ ಹಿಂದಿನಿಂದ ಇಣುಕಿದ.

"ಏನ್ರೀ ಅಕ್ಕೋರೆ, ನಾ ಇನ್ನಾ ಕಲ್ಲುಗುಂಡಿನಂಗ ನಿಂತೀನಿ, ಆಗ್ಲೇ ಈಕಿಗಿ ಬಿಳಿ ಸೀರಿ ಉಡಿಸೀರಲ್ಲ!"

"ನೀ ಸುಮ್ ಕುಂದ್ರು!" ಎಂದು ಶರಣಮ್ಮ ಅವನ ಬೆನ್ನಿಗೆ ಗುದ್ದಿ, ನಗಲು ಶುರುಮಾಡಿದರು. ನಾನು ಕ್ಷಮೆ ಕೇಳುತ್ತಾ ಕೆಂಪು, ನೀಲಿ ಎಂದು ಏನೇನೋ ವಿವರಿಸಿದೆ. ಅವರು ಕಿವಿಗೊಡಲಿಲ್ಲ. "ನಾ ನೀಲಿ ಉಟ್ಟಿದ್ದು ನನಗ ಗೊತ್ತದಲ್ರೀ. ಕಾಗದ ನೀವಾ ಇಟ್ಕೋರಿ, ನನಗ ಗಾಜು ಸಾಕು." ಗಾಜನ್ನು ಆಕಾಶಕ್ಕೆ ಎತ್ತಿ ಹಿಡಿದರು. "ಇಲ್ ನೋಡ್ರಿ, ಇದರಾಗ ಕುಂಕುಮದಿಂದ ಬೆಳಕ ಬರ್ತದ!"

ನಿಜ. ಕುಂಕುಮವಿದ್ದಲ್ಲಿ ಬೆಳ್ಳಿಯೆಲ್ಲ ತೊಳೆದುಹೋಗಿ, ಒಂದು ಕಾಳಿನಷ್ಟು ಬರೀ ಗಾಜು ಉಳಿದಿತ್ತು. ಹಿಂದಿನ ದಿನದಿಂದ ಆ ಗಾಜನ್ನು ಹಿಡಿದು ಓಡಾಡಿದ ನನಗೆ ಅದು ಕಂಡಿರಲಿಲ್ಲ.

ದೀಪಾವಳಿಗೆ ಹೊರಮಾವಿಗೆ ಹೋಗಿದ್ದೆ. ಗಾಜು ಹೊಸ ಕಿಟಕಿಯ ಸರಳುಗಳ ನಡುವೆ ಕೂತಿತ್ತು. ಬಿಸಿಲು ಬಂದಾಗ ಹಣೆಯ ಆ ಚುಕ್ಕೆ ಎಲ್ಲಕ್ಕಿಂತ ಮೊದಲು ಹೊಳೆಯಿತು.

ಕಾಗದದ ಫೋಟೋ ನನ್ನ ಮೇಜಿನ ಮೇಲಿದೆ. ದಿನವೂ ಅದನ್ನೇ ನೋಡಿ ನೋಡಿ, ಈಗ ಕಣ್ಣು ಮುಚ್ಚಿದರೂ ಶರಣಮ್ಮ ಬಿಳಿ ಸೀರೆಯಲ್ಲೇ ತಾರಸಿಯ ಮೇಲೆ ಕೂರುತ್ತಾರೆ. ಎಷ್ಟು ಪ್ರಯತ್ನಪಟ್ಟರೂ ನೀಲಿ ಬರುವುದಿಲ್ಲ. ಅದಕ್ಕೇ ಫೋಟೋದ ಹಿಂದೆ ಪೆನ್ಸಿಲಿನಲ್ಲಿ ಬರೆದಿಟ್ಟಿದ್ದೇನೆ: "ಸೀರೆ ತಿಳಿನೀಲಿ. ಆರಿಸಿದ್ದು ನಾನು."